ಬಾಕಿ ಯಾರು ಕೊಡಬೇಕು, ಯಾರಿಗೆ ಕೊಡಬೇಕು

ವ್ಯಾಕರಣವೆಂದರೆ ಪರೀಕ್ಷೆಗೆ ಓದಿ ಮರೆಯುವ ವಿಷಯವೆಂದು ನಂಬಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಮಂಗಳೂರಿನ ಸುರತ್ಕಲ್ ಸಮೀಪದ ನಮ್ಮ ಭಜನಾ ಮಂದಿರದ ಕಳೆದ ಮಹಾಸಭೆಯಲ್ಲಿ, ಒಂದು ವಿಭಕ್ತಿ ಪ್ರತ್ಯಯ ಬಿಟ್ಟುಹೋದದ್ದರಿಂದ ಮರ್ಯಾದಸ್ಥರೊಬ್ಬರು ಎಲ್ಲರೆದುರು ಅವಮಾನ ಪಡಬೇಕಾಗಿ ಬಂದದ್ದನ್ನು ಕಂಡ ಮೇಲೆ, ಆ ಮಾತನ್ನು ಕೇಳಿ ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ಹಿಂದಿನ ಮಂಗಲೋತ್ಸವದ ದಿನ ಅಕಾಲದಲ್ಲಿ ಮಳೆ ಸುರಿದು, ಶಾಮಿಯಾನ ಅರ್ಧ ಕಟ್ಟಿದಲ್ಲಿಗೇ ಕಾರ್ಯಕ್ರಮವನ್ನು ಸಭಾಂಗಣಕ್ಕೆ ಬದಲಾಯಿಸಲಾಗಿತ್ತು. ಆಗ ಲೆಕ್ಕ ಬರೆಯುತ್ತಿದ್ದ ಹಿರಿಯರು ಆಮೇಲೆ ತೀರಿಕೊಂಡರು. ಶಾಮಿಯಾನದವರು ತಮ್ಮ ಬಾಕಿ ಕೇಳಲು ಸಭೆಗೆ ಬಂದಾಗ ಹೊಸ ಕೋಶಾಧಿಕಾರಿ ಪುಸ್ತಕ ತೆರೆದು ಓದಿದರು: ‘ಶಾಮಿಯಾನದವರು ಕೊಡಬೇಕಾದ ಬಾಕಿ ರೂ. 8,500.’ ಕೆಲಸ ಅರ್ಧಕ್ಕೆ ನಿಂತದ್ದರಿಂದ ಮುಂಗಡದಲ್ಲಿ ಅಷ್ಟು ಹಣ ಮಂದಿರಕ್ಕೆ ಹಿಂದೆ ಬರಬೇಕೆಂದು ಅವರು ಪ್ರಾಮಾಣಿಕವಾಗಿಯೇ ತಿಳಿದಿದ್ದರು. ಕೊಡಬೇಕಾದವನೇ ಕೇಳಲು ಬಂದಿದ್ದಾನೆಂದು ಹಿಂದಿನ ಸಾಲಿನಿಂದ ಯಾರೋ ನಕ್ಕರು. ‘ನಾನು ಸುಳ್ಳು ಹೇಳಿ ದುಡ್ಡು ಕೇಳುವ ಜನವಾ?’ ಎನ್ನುವಾಗ ಆ ಮನುಷ್ಯನ ಸ್ವರ ನಡುಗುತ್ತಿತ್ತು.

ನಾನು ಪುಸ್ತಕವನ್ನು ಕೇಳಿ ತೆಗೆದುಕೊಂಡೆ. ಅದೇ ಪುಟದಲ್ಲಿ, ಅದೇ ನೀಲಿ ಶಾಯಿಯಲ್ಲಿ, ಎರಡು ಸಾಲು ಕೆಳಗೆ ‘ಭಟ್ಟರು ಕೊಡಬೇಕಾದ ದಕ್ಷಿಣೆ’ ಎಂದಿತ್ತು. ಭಟ್ಟರು ಮಂದಿರಕ್ಕೆ ದಕ್ಷಿಣೆ ಕೊಡುವ ಪದ್ಧತಿ ಎಲ್ಲಿಯೂ ಇಲ್ಲ. ಹಿರಿಯರು ಅವಸರದಲ್ಲಿ ಬರೆಯುವಾಗ ‘ಇಗೆ’ ಪ್ರತ್ಯಯವನ್ನು ಎಲ್ಲ ಕಡೆಯೂ ಬಿಡುತ್ತಿದ್ದರೆಂಬುದು ಸ್ಪಷ್ಟವಾಯಿತು. ಶಾಮಿಯಾನದವರಿಗೆ ಮಂದಿರವೇ ಕೊಡಬೇಕಾಗಿತ್ತು.

ಇಲ್ಲಿ ಕನ್ನಡದ ಸ್ವಭಾವವನ್ನು ಸ್ವಲ್ಪ ಗಮನಿಸಬೇಕು. ‘ಕೊಡುತ್ತೇನೆ’, ‘ಕೊಡುತ್ತಾರೆ’ ಎಂಬ ಪೂರ್ಣ ಕ್ರಿಯಾಪದಗಳು ಕರ್ತೃ ಯಾರೆಂಬುದರ ಗುರುತನ್ನು ತಮ್ಮೊಳಗೇ ಇಟ್ಟುಕೊಂಡಿರುತ್ತವೆ. ‘ಕೊಡಬೇಕಾದ’ ಎಂಬಂಥ ರೂಪಕ್ಕೆ ಆ ಗುರುತಿಲ್ಲ. ಕೊಡುವವರು ಯಾರು, ಪಡೆಯುವವರು ಯಾರು ಎಂಬುದನ್ನು ಹಿಂದಿನ ನಾಮಪದಕ್ಕೆ ಹತ್ತಿದ ಪ್ರತ್ಯಯವೊಂದೇ ಹೇಳಬೇಕು. ‘ಮಗು ಕರೆದ ತಾಯಿ’ ಎಂದರೆ ಕರೆದದ್ದು ಮಗು. ‘ಮಗುವನ್ನು ಕರೆದ ತಾಯಿ’ ಎಂದರೆ ಕರೆದದ್ದು ತಾಯಿ. ಪ್ರತ್ಯಯ ಸರಿಯಾಗಿದ್ದರೆ ಪದಗಳನ್ನು ಹಿಂದುಮುಂದಾಗಿಸಿದರೂ ಹೆಚ್ಚಿನ ವಾಕ್ಯಗಳ ಅರ್ಥ ಕೆಡದು, ಅದು ಬಿದ್ದುಹೋದರೆ ಅರ್ಥವೇ ತಿರುಗಿ ನಿಲ್ಲುತ್ತದೆ.

ಆ ಹಿರಿಯರು ಮಾತನಾಡುವಾಗ ಒಮ್ಮೆಯೂ ಹೀಗೆ ತಪ್ಪಿದವರಲ್ಲ. ಮನೆಯಲ್ಲಿ ತುಳುವಾಡಲಿ, ಮಂದಿರದಲ್ಲಿ ಕನ್ನಡವಾಡಲಿ, ‘ಅವರಿಗೆ’ ಎನ್ನಬೇಕಾದಲ್ಲಿ ‘ಅವರು’ ಎಂದು ಯಾರ ಬಾಯಿಯಲ್ಲೂ ಬರುವುದಿಲ್ಲ. ಬಂದರೂ ಎದುರಿಗಿದ್ದವರು ‘ಯಾರಿಗೆ?’ ಎಂದು ಕೇಳಿ ತಿದ್ದಿಕೊಳ್ಳುತ್ತಾರೆ. ಕಾಗದವನ್ನು ಹಾಗೆ ಕೇಳಲಾಗದು, ಬರೆದವರು ಹೋದ ಮೇಲಂತೂ ಕೇಳಲು ಯಾರೂ ಉಳಿಯುವುದಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ಕಿಟೆಲ್ ಅವರ ವ್ಯಾಕರಣ 1903ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ. ಅಂಥ ಊರಿನವರಾದ ನಾವು ಲೆಕ್ಕದ ಒಂದು ಸಾಲನ್ನು ಪೂರ್ತಿ ಬರೆಯಲು ಉದಾಸೀನ ಮಾಡುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಕೋಶಾಧಿಕಾರಿ ಅಲ್ಲಿಯೇ ಕ್ಷಮೆ ಕೇಳಿದರು. ‘ಮಂದಿರವು ಶಾಮಿಯಾನದವರಿಗೆ ರೂ. 8,500 ಬಾಕಿ ಕೊಡಬೇಕಾಗಿದ್ದು, ಅದನ್ನು ಈ ವಾರದೊಳಗೆ ಪಾವತಿಸತಕ್ಕದ್ದು’ ಎಂದು ನಿರ್ಣಯವನ್ನು ಬರೆದು, ಸಹಿ ಹಾಕುವ ಮೊದಲು ಸಭೆಗೆ ಗಟ್ಟಿಯಾಗಿ ಓದಿ ಹೇಳಿದೆವು. ಹಳೆಯ ಪುಸ್ತಕದಲ್ಲಿ ‘ಕೊಡಬೇಕಾದ’ ಎಂಬ ಸಾಲುಗಳು ಇನ್ನೂ ಹಲವು ಇದ್ದುದರಿಂದ, ಸಂಬಂಧಪಟ್ಟವರನ್ನು ವಿಚಾರಿಸಿ ಅವುಗಳನ್ನು ಬಿಡಿಸಿ ಬರೆಯುವ ಕೆಲಸವನ್ನು ನಾನೂ ಕೋಶಾಧಿಕಾರಿಯೂ ವಹಿಸಿಕೊಂಡೆವು.