ಕೊನೆಯ ಸಲ ಕುಡಿದದ್ದು ಯಾವಾಗ?

ಬುಧವಾರ ಬೆಳಿಗ್ಗೆ ಉಡುಪಿಯ ಆಸ್ಪತ್ರೆಯೊಂದರಲ್ಲಿ ಡಾಕ್ಟರು ಮೊದಲು ಕೇಳಿದ್ದು ಇದೊಂದೇ ಪ್ರಶ್ನೆ. ಮಂಚದ ಸುತ್ತ ಮನೆಯವರೆಲ್ಲ ಇದ್ದರು. ಹೆಂಡತಿ ತಲೆ ತಗ್ಗಿಸಿದರು. ತಾಯಿ ಅಳತೊಡಗಿದರು. ಭಾವ, "ಇವ ದಿನಾ ಕುಡಿಯುವವನೇ ಡಾಕ್ಟ್ರೇ" ಅಂದರು. ಗೋಡೆಗೆ ಒರಗಿದ್ದ ಎಂಟನೇ ಕ್ಲಾಸಿನ ಮಗಳು ಮಾತ್ರ ಉತ್ತರ ಕೊಟ್ಟಳು: "ಆದಿತ್ಯವಾರ ರಾತ್ರಿ ಹತ್ತೂವರೆ."

ಡಾಕ್ಟರು ಗಡಿಯಾರ ನೋಡಿದರು. 59 ಗಂಟೆ ಆಗಿತ್ತು.

ಮಂಚದ ಮೇಲೆ ಆ ಮನುಷ್ಯ ಬಲೆ ಎಳೆಯುತ್ತಿದ್ದರು. ಹೊದಿಕೆಯ ಅಂಚು ಹಿಡಿದು, ಕೈ ಮೇಲೆ ಕೈ ಹಾಕಿ, ಪಕ್ಕದಲ್ಲಿ ಇಲ್ಲದ ಯಾರನ್ನೋ ಕರೆಯುತ್ತ. ಮಲ್ಪೆಯ ಬೋಟಿನಲ್ಲಿ ದುಡಿಯುವವರು. ಜೂನ್ 1ರಿಂದ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೋಟು ಕಟ್ಟಿದೆ, ಮಳೆ ಬಿಡುತ್ತಿಲ್ಲ, ಬೆಳಿಗ್ಗೆಯೇ ಕುಡಿತ. ಭಾವ ಉಪಾಯ ಹೇಳಿದರಂತೆ: "ಮೂರು ದಿನ ಕೋಣೆಗೆ ಹಾಕಿ ಚಿಲಕ ಹಾಕಿ, ತನ್ನಿಂದ ತಾನೇ ಬಿಡುತ್ತಾನೆ."

ಆ ಭಾವನ ಮೇಲೆ ನನಗೆ ಸಿಟ್ಟು ಬಂತು, ಇನ್ನೂ ಪೂರ್ತಿ ಇಳಿದಿಲ್ಲ. ಆದರೆ ಸುರಿಯುವ ಮಳೆಯಲ್ಲಿ ಅವರನ್ನು ಹೊತ್ತು ತಂದದ್ದೂ ಅದೇ ಭಾವ. ಪ್ರೀತಿಗೆ ಅಲ್ಲಿ ಕೊರತೆ ಇರಲಿಲ್ಲ. ಗೊತ್ತಿರಬೇಕಾದದ್ದು ಗೊತ್ತಿರಲಿಲ್ಲ.

ವರ್ಷಗಟ್ಟಲೆ ದಿನವೂ ಕುಡಿದರೆ ಮದ್ಯ ಮಿದುಳನ್ನು ಮಂಕು ಮಾಡುತ್ತಲೇ ಇರುತ್ತದೆ, ಮಿದುಳು ಅದಕ್ಕೆದುರಾಗಿ ತನ್ನನ್ನು ಕೆರಳಿಸಿಕೊಂಡೇ ಇರುತ್ತದೆ. ಹಗ್ಗ ಜಗ್ಗುವಾಗ ಒಂದು ಬದಿಯವರು ತಟ್ಟನೆ ಕೈಬಿಟ್ಟರೆ ಇನ್ನೊಂದು ಬದಿ ಬೀಳುವುದಿಲ್ಲವೇ, ಹಾಗೆಯೇ ಇದೂ. ಕೊನೆಯ ಗುಟುಕಿನ ಆರೆಂಟು ಗಂಟೆಯಲ್ಲಿ ಕೈ ನಡುಕ, ಬೆವರು, ವಾಂತಿ ಶುರುವಾಗಬಹುದು. ಕೊನೆಯ ಗುಟುಕಿನಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. 48ರಿಂದ 96 ಗಂಟೆಯ ನಡುವೆ ಕೆಲವರಿಗೆ ದಿಕ್ಕು ತಪ್ಪುತ್ತದೆ: ಗೋಡೆಯ ಮೇಲೆ ಹುಳು, ಕೋಣೆಯೊಳಗೆ ಸಮುದ್ರ, ಜ್ವರ, ಏರಿದ ಎದೆಬಡಿತ. ಚಿಕಿತ್ಸೆ ಸಿಗದಿದ್ದರೆ ಇದರಲ್ಲಿ ಜೀವ ಹೋಗಬಹುದು. ಡಾಕ್ಟರಿಗೆ ಗಂಟೆ ಬೇಕಾದದ್ದು ಇದಕ್ಕೇ. ಮುಂದೆ ಏನು ಬರಲಿದೆ, ಯಾವ ಮದ್ದು ಎಷ್ಟು ಎಂಬ ಲೆಕ್ಕಕ್ಕೆ ಆ ಹುಡುಗಿಯ "ಹತ್ತೂವರೆ" ಆಧಾರವಾಯಿತು.

ಮಂಗಳವಾರ ನಸುಕಿಗೇ ಒಂದು ಫಿಟ್ಸ್ ಬಂದಿತ್ತು. ಕೈಗೆ ಬೀಗದ ಕೈ ಕೊಟ್ಟರಂತೆ. ಕಬ್ಬಿಣದಿಂದ ಫಿಟ್ಸ್ ನಿಲ್ಲುವುದಿಲ್ಲ, ಒಂದೆರಡು ನಿಮಿಷದಲ್ಲಿ ಅದಾಗಿಯೇ ನಿಲ್ಲುವುದೇ ಹೆಚ್ಚು. ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನೂ ತುರುಕದೆ, ಸಮಯ ನೋಡಬೇಕು. ಐದು ನಿಮಿಷ ದಾಟಿದರೆ, ಅಥವಾ ಕುಡಿತ ನಿಲ್ಲಿಸಿದವರಿಗೆ ಒಂದೇ ಸಲ ಬಂದರೂ, 108ಕ್ಕೆ ಫೋನ್ ಮಾಡಲೇಬೇಕು. ಇವರು ಆಮೇಲೆ ನಿದ್ದೆ ಹೋದರೆಂದು ಮನೆಯವರು ಸಮಾಧಾನಪಟ್ಟರು. ಬಲೆ ಎಳೆಯಲು ತೊಡಗಿದಾಗ ತಾಯಿ ದೈವದ ಉಪದ್ರ ಅಂದರು. ಹರಕೆ ಇರಲಿ, ಅದನ್ನು ಆಸ್ಪತ್ರೆಯ ಬೆಂಚಿನಲ್ಲಿ ಕುಳಿತೇ ಹೇಳಿಕೊಳ್ಳಬಹುದು.

ಇನ್ನೊಂದು ಅಪಾಯ ಗ್ಲೂಕೋಸ್. ನಿತ್ರಾಣ ಅಂತ ಎಲ್ಲಾದರೂ ಬಾಟಲಿ ಏರಿಸಿಕೊಂಡು ಬರುವವರಿದ್ದಾರೆ. ದೀರ್ಘಕಾಲ ಕುಡಿದವರ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಬತ್ತಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಮಾತ್ರ ಹಾಕಿದರೆ ಮಿದುಳಿಗೆ ಪೆಟ್ಟು ಬೀಳಬಹುದು. "ಕುಡಿಯುವವರು" ಎಂದು ನಾಚಿಕೆ ಬಿಟ್ಟು ಮೊದಲೇ ಹೇಳಿದರೆ ಡಾಕ್ಟರು ಥಯಾಮಿನ್ ಇಂಜೆಕ್ಷನ್ ಹಾಕಿಸುತ್ತಾರೆ.

ಕಾರಿಡಾರಿನಲ್ಲಿ ಹೆಂಡತಿ ಪಿಸುಗುಟ್ಟಿದರು: ಕುಡಿತ ಬಿಡಿಸಲು ಸಾರಿನಲ್ಲಿ ಬೆರೆಸುವ ಮಾತ್ರೆ ಉಂಟಂತಲ್ಲ? ಉಂಟು, ಡೈಸಲ್ಫಿರಾಮ್. ಗೊತ್ತಾಗದಂತೆ ಹಾಕುವುದು ಮಾತ್ರ ಬೇಡವೇ ಬೇಡ. ತಿಳಿಯದೆ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ಬಿಪಿ ಕುಸಿದು ಜೀವಕ್ಕೇ ಬರಬಹುದು. ಕುಡಿದು ಕನಿಷ್ಠ 12 ಗಂಟೆ ಕಳೆದ ಮೇಲೆ, ಅವರೇ ಒಪ್ಪಿ, ರಕ್ತಪರೀಕ್ಷೆ ಮಾಡಿಸಿ ತೆಗೆದುಕೊಳ್ಳುವ ಮದ್ದು ಅದು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪರಿಣಾಮ ಇರುತ್ತದೆ.

ಬೆಳಿಗ್ಗೆ ಎದ್ದಕೂಡಲೇ ನಡುಕಕ್ಕೆ ಕುಡಿಯುವವರು, ಹಿಂದೆ ಫಿಟ್ಸ್ ಬಂದವರು, ಕಾಮಾಲೆ ಇರುವವರು ಮನೆಯಲ್ಲಿ ಒಮ್ಮೆಲೇ ಬಿಡಬಾರದು. ಮೊದಲು ಡಾಕ್ಟರು. ಎಲ್ಲಿಗೆ ಹೋಗುವುದೆಂದೇ ತೋಚದಿದ್ದರೆ 14416, ಟೆಲಿ-ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರಕ್ಕೆ ಸೇರಿಸುವುದಾದರೂ ಇಂಥವರನ್ನು ಮೊದಲು ಡಾಕ್ಟರಿಗೆ ತೋರಿಸಿಯೇ ಸೇರಿಸಬೇಕು.

ಶುಕ್ರವಾರ ಸಂಜೆಗೆ ಅವರಿಗೆ ಪ್ರಜ್ಞೆ ತಿಳಿಯಾಯಿತು. ಗಂಜಿ, ಉಪ್ಪಿನಕಾಯಿ ಕೇಳಿದರು. ಬಲೆ ಎಳೆದದ್ದು ನೆನಪಿಲ್ಲ. ದೇಹ ಸುಧಾರಿಸಿದ್ದಷ್ಟೇ. ಆಸೆ ಮತ್ತೆ ಬರುತ್ತದೆ, ಅದರಲ್ಲೂ ಆಗಸ್ಟಿನಲ್ಲಿ ಬೋಟು ಇಳಿದು ಕೈಗೆ ದುಡ್ಡು ಬಂದ ದಿನ. ಸಂಬಳ ಹೆಂಡತಿಯ ಖಾತೆಗೆ ಹೋಗಲಿ ಎಂದು ಅವರೇ ಒಪ್ಪಿದ್ದಾರೆ. ಫಾಲೋಅಪ್ ತಾರೀಕು ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಕುಡಿತ ಬಿಡುವವರು ಒಬ್ಬರಿಗೊಬ್ಬರು ಆಸರೆಯಾಗುವ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಮೀಟಿಂಗಿಗೆ ಜೊತೆಗೆ ಹೋಗುತ್ತೇನೆಂದು ಭಾವ ಹೇಳಿದ್ದಾರೆ.

ಹತ್ತೂವರೆ ಅಂತ ನಿನಗೆ ಹೇಗೆ ಗೊತ್ತು ಅಂತ ಹೆಂಡತಿ ಮಗಳನ್ನು ಕೇಳಿದರಂತೆ. "ಅಪ್ಪ ಬಾಟ್ಲಿ ಕೆಳಗಿಟ್ಟ ಮೇಲೇ ಅಲ್ವಾ ನಾನು ದಿನಾ ಮಲಗುವುದು." ಆ ಮನೆಯಲ್ಲಿ ಎಲ್ಲರೂ ಅವರನ್ನು ಕಾಯುತ್ತಿದ್ದರು, ಅವಳನ್ನು ಯಾರೂ ನೋಡಿರಲಿಲ್ಲ. ಇದು ನಿನ್ನ ತಪ್ಪಲ್ಲ, ಅಪ್ಪನ ಕಾವಲು ನಿನ್ನ ಕೆಲಸವೂ ಅಲ್ಲ ಎಂದು ಅವಳಿಗೆ ಬಾಯಿಬಿಟ್ಟು ಹೇಳಬೇಕಿತ್ತು. ಶನಿವಾರ ಹೇಳಿದರು. ನಿನ್ನೆ ರಾತ್ರಿ ಒಂಬತ್ತಕ್ಕೇ ಮಲಗಿದಳಂತೆ.