ನಂದಿಬಟ್ಟಲ ಕಡ್ಡಿ

ದುರ್ಗದ ಹಳೇ ಮನೆ ಕೆಡವುವ ಮುಂಚೆ ಹಿತ್ತಲ ನಂದಿಬಟ್ಟಲಿನಿಂದ 6 ಕಡ್ಡಿ ಕತ್ತರಿಸಿ ತಂದಿದ್ದೆ. 4 ಚಿಗುರಿವೆ! ಪೆನ್ಸಿಲ್ ದಪ್ಪದ ಬಲಿತ ಕಡ್ಡಿ, ಒಂದು ಗೇಣು ಉದ್ದ, ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಹಾಲು ಸೋರುವುದು ನಿಂತ ಮೇಲೆ ಕೆಳಗಿನ ಎಲೆ ಕಿತ್ತು, ಎರಡು ಗೆಣ್ಣು ಮಣ್ಣೊಳಗೆ ಹೋಗುವ ಹಾಗೆ ಊರಿದ್ದು, ಅಷ್ಟೇ. ನಮ್ಮೂರ ಬಿಸಿಲಿಗೆ ನೆರಳು ಮಾತ್ರ ಬೇಕೇ ಬೇಕು. ಎರಡು ಕೊಳೆತಿದ್ದು ನನ್ನ ತಪ್ಪು. ದಿನಾ ನೀರು ಸುರಿದೆ, ಸಾಲದ್ದಕ್ಕೆ ಬೇರು ಬಂತಾ ಅಂತ ಕಿತ್ತು ಬೇರೆ ನೋಡಿದೆ.

ಕನಕಾಂಬರಕ್ಕೆ ಇಷ್ಟು ಉಪಚಾರ ಬೇಡ. ಒಣಗಿದ ತೆನೆಗೆ ನೀರು ತಾಗಿದರೆ ಸಾಕು, ಕಾಯಿ ಪಟ್ ಅಂತ ಸಿಡಿದು ಬೀಜ ತಾನೇ ಹಾರುತ್ತದೆ.

ಆ ನಂದಿಬಟ್ಟಲು ಅಜ್ಜಿ ದುಡ್ಡು ಕೊಟ್ಟು ತಂದಿದ್ದಲ್ಲ. ದಾವಣಗೆರೆಯ ತವರಿನಿಂದ ಒದ್ದೆ ಬಟ್ಟೆ ಸುತ್ತಿ ಬಸ್ಸಲ್ಲಿ ತಂದ ಕಡ್ಡಿ. ಸುಮ್ನೆ ಯೋಚಿಸುತ್ತಿದ್ದೆ, ಕಡ್ಡಿಯಿಂದ ಬಂದದ್ದು ಆ ಗಿಡದ ಮರಿ ಅಲ್ಲ, ಅದೇ ಗಿಡ, ಅಲ್ವಾ? ಹಾಗಾದರೆ ಅಜ್ಜಿ ಬೆಳಿಗ್ಗೆ ಪೂಜೆಗೆ ಹೂ ಬಿಡಿಸುತ್ತಿದ್ದ ಗಿಡವೇ ಈಗ ನನ್ನ ಟೆರೇಸಿನ ಪೇಂಟ್ ಡಬ್ಬದಲ್ಲಿ ನಿಂತಿದೆ.

ಒಂದು ಅತ್ತೆಗೆ, ಒಂದು ಪಕ್ಕದ ಮನೆಗೆ. ಹಳೇ ಕಾಲದ ಬಿಳಿ ಕಣಗಿಲೆ ಯಾರ ಮನೆಯಲ್ಲಾದರೂ ಇದ್ದರೆ ಹೇಳಿ, ಕತ್ತರಿ ಹಿಡಿದುಕೊಂಡೇ ಬರುತ್ತೇನೆ.