ಬೆಳಕು ಹರಿದ ಮೇಲೆ ಸುಟ್ಟ ಕಾಗದಗಳು

ಜುಲೈ 16, 2025, ಬುಧವಾರ

ಬೆಳಿಗ್ಗೆ ಹಳೆಯ ಕರೆಂಟ್ ಬಿಲ್ಲುಗಳ ಕಟ್ಟೊಂದನ್ನು ಬಚ್ಚಲ ಒಲೆಗೆ ಹಾಕಿದೆ. ಹೊಗೆಯಾಡಿತೇ ಹೊರತು ಹತ್ತಿಕೊಳ್ಳಲಿಲ್ಲ. "ಇಡಿಯಾಗಿ ಹಾಕಿದರೆ ಹತ್ತುತ್ತದೆಯೇ? ಒಂದೊಂದೇ ಬಿಡಿಸಿ ಹಾಕು" ಎಂದಳು ಅಮ್ಮ. ಹಾಳೆ ಬಿಡಿಸುತ್ತ ಕುಳಿತವನಿಗೆ ಹ್ಯಾಲ್ ನೈಟ್ ನೆನಪಾದರು.

1973ರ ಇದೇ ದಿನ ಅವರು ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸಶಸ್ತ್ರ ಸೇವೆಗಳ ಸಮಿತಿಯ ಮುಂದೆ ಸಾಕ್ಷಿ ಹೇಳಿದರು. ವಾಯುಪಡೆಯಲ್ಲಿ ಮೇಜರ್ ಆಗಿದ್ದವರು. 1970ರಲ್ಲಿ ದಕ್ಷಿಣ ವಿಯೆಟ್ನಾಮಿನ ಬಿಯೆನ್ ಹೋವಾದ ರೇಡಾರ್ ಕೇಂದ್ರದಲ್ಲಿ ಅವರಿಗೆ ಕೆಲಸ. ಸೈಗಾನ್‌ನಿಂದ ಲಕೋಟೆ ಬರುತ್ತಿತ್ತು. ಅದರಲ್ಲಿದ್ದ ಅಂಕಿಗಳಂತೆ ರೇಡಾರ್‌ನವರು ಬಿ-52 ಬಾಂಬರ್ ವಿಮಾನಗಳನ್ನು ಗಡಿಯಾಚೆ, ವಿಯೆಟ್ನಾಂ ಯುದ್ಧದಲ್ಲಿ ತಟಸ್ಥವಾಗಿದ್ದ ಕಾಂಬೋಡಿಯಾದ ಮೇಲೆ ಕಳಿಸುತ್ತಿದ್ದರು. ದಾಳಿ ಮುಗಿದ ಮೇಲೆ ನೈಟ್ ಎಲ್ಲ ಕಾಗದಗಳನ್ನೂ ಒಟ್ಟುಮಾಡಿಕೊಂಡು, ಬೆಳಕು ಹರಿಯುವವರೆಗೆ ಕಾದು ಸುಡುತ್ತಿದ್ದರು. ಬಾಂಬು ಬಿದ್ದದ್ದು ದಕ್ಷಿಣ ವಿಯೆಟ್ನಾಮಿನಲ್ಲಿ ಎಂದು ದಾಖಲೆ ಬರೆಯಲಾಗುತ್ತಿತ್ತು.

ಇದನ್ನೆಲ್ಲ ಯಾರಿಂದ ಮುಚ್ಚಿಡುತ್ತಿದ್ದೇವೆ ಎಂದು ಅವರು ಮೇಲಧಿಕಾರಿಯನ್ನು ಕೇಳಿದ್ದರಂತೆ. ಬಹುಶಃ ವಿದೇಶಾಂಗ ಸಮಿತಿಯಿಂದ ಎಂಬ ಉತ್ತರ ಬಂತಂತೆ. ಎಂದರೆ ಅವರದೇ ಸೆನೆಟ್‌ನಿಂದ! ಓದಿದಾಗಲೆಲ್ಲ ಮೈ ಉರಿಯುತ್ತದೆ.

ಆ ದಾಳಿಗೆ ಇಟ್ಟ ಹೆಸರು 'ಮೆನು'. ಒಂದೊಂದು ಗುರಿಗೆ ಒಂದೊಂದು ಊಟದ ಹೆಸರು: ಬ್ರೇಕ್‌ಫಾಸ್ಟ್, ಲಂಚ್, ಡಿನ್ನರ್. 1969ರ ಮಾರ್ಚ್ 18ರಿಂದ 14 ತಿಂಗಳಲ್ಲಿ ಸುರಿದದ್ದು 1 ಲಕ್ಷ ಟನ್ನಿಗೂ ಹೆಚ್ಚು ಬಾಂಬು. ಉತ್ತರ ವಿಯೆಟ್ನಾಂ ಪಡೆಗಳ ನೆಲೆಗಳೇ ಗುರಿ ಎಂದರು ಅಂದಿನ ಅಧ್ಯಕ್ಷ ನಿಕ್ಸನ್ ಕಡೆಯವರು. ಆ ಕಾಡಂಚಿನಲ್ಲಿ ಬದುಕಿದ್ದ ರೈತರನ್ನು ಯಾರ ಮೆನುವಿನಲ್ಲಿ ಬರೆದಿದ್ದರು?

1969ರ ಮೇ ತಿಂಗಳಲ್ಲೇ ನ್ಯೂಯಾರ್ಕ್ ಟೈಮ್ಸ್ ಈ ದಾಳಿಯ ಸುದ್ದಿ ಮುದ್ರಿಸಿತ್ತು. ಸರ್ಕಾರ ಹುಡುಕಿದ್ದು ಸುದ್ದಿ ಕೊಟ್ಟವರನ್ನು. ಫೋನ್ ಕದ್ದಾಲಿಕೆ ಶುರುವಾಯಿತು. ಆಮೇಲೆ 1973ರಲ್ಲಿ ಸೆನೆಟ್ ಕೇಳಿದಾಗ ರಕ್ಷಣಾ ಇಲಾಖೆ ಕೊಟ್ಟ ಪಟ್ಟಿಯಲ್ಲಿ, 1970ರ ಮೇಗೆ ಮೊದಲು ಕಾಂಬೋಡಿಯಾದ ಮೇಲೆ ಒಂದು ಬಾಂಬೂ ಇಲ್ಲ. ನೈಟ್ ಸೆನೆಟರ್ ಪ್ರಾಕ್ಸ್‌ಮೈರ್‌ಗೆ ಪತ್ರ ಬರೆಯದಿದ್ದರೆ ಆ ಪಟ್ಟಿಯೇ ಇತಿಹಾಸವಾಗಿಬಿಡುತ್ತಿತ್ತೇನೋ.

ಮರುವರ್ಷ ಜುಲೈ 30ರಂದು ಪ್ರತಿನಿಧಿ ಸಭೆಯ ನ್ಯಾಯಾಂಗ ಸಮಿತಿಯಲ್ಲಿ, ಈ ಬಚ್ಚಿಟ್ಟ ಬಾಂಬ್ ದಾಳಿಗಾಗಿಯೂ ನಿಕ್ಸನ್ ಮೇಲೆ ಮಹಾಭಿಯೋಗದ ಆರೋಪ ಹೊರಿಸಬೇಕೆಂಬ ನಿರ್ಣಯ ಬಂತು. 12 ಮತ ಪರ, 26 ವಿರುದ್ಧ. ಸಂಸತ್ತಿನ ಕೆಲವರಿಗೆ ಮೊದಲೇ ಗುಟ್ಟಾಗಿ ತಿಳಿಸಲಾಗಿತ್ತು ಎಂಬುದೂ ಅದನ್ನು ವಿರೋಧಿಸಿದವರ ಒಂದು ವಾದ. ನಾಲ್ಕು ಜನರ ಕಿವಿಯಲ್ಲಿ ಪಿಸುಗುಟ್ಟಿದರೆ ಸದನಕ್ಕೆ ಹೇಳಿದಂತಾಯಿತೇ? ವಾಟರ್‌ಗೇಟಿನಲ್ಲಿ ವಿರೋಧ ಪಕ್ಷದ ಕಚೇರಿಗೆ ನುಗ್ಗಿದ ಕಳ್ಳತನ ಮುಚ್ಚಿಹಾಕಿದ್ದಕ್ಕೆ ಆರೋಪ ನಿಂತಿತು, ಇದಕ್ಕೆ ನಿಲ್ಲಲಿಲ್ಲ. ನನಗೆ ಇಂದಿಗೂ ಇದು ನುಂಗಲಾಗದ ತುತ್ತು.

ಬಿಲ್ಲುಗಳು ಉರಿದು ಮುಗಿಯಲು ಅರ್ಧ ಗಂಟೆ ಹಿಡಿಯಿತು. ಒಂದೊಂದೇ ಹಾಳೆ, ಬೆಳಗಾದ ಮೇಲೆ, ತಿಂಗಳುಗಟ್ಟಲೆ: ಆ ಮನುಷ್ಯ ಅದೆಷ್ಟು ಓದಿರಬೇಕು ಸುಡುವ ಮುನ್ನ.